ವರದಿಯಲ್ಲಿ ಪರರ ಮಾತು: ಶಾಲೆಯ ಮಕ್ಕಳಿಗೆ ಉದ್ಧರಣೆಯನ್ನು ಕಲಿಸುವ ಕ್ರಮದ ವಿಮರ್ಶೆ

ನಮ್ಮ ಪ್ರೌಢಶಾಲೆಗಳಲ್ಲಿ ಬಳಕೆಯಲ್ಲಿರುವ ಕನ್ನಡ ವ್ಯಾಕರಣದ ಪುಸ್ತಕಗಳನ್ನು ತೆರೆದು ನೋಡಿದರೆ ಲೇಖನಚಿಹ್ನೆಗಳ ಪ್ರಕರಣದಲ್ಲಿ ಎರಡು ಚಿಹ್ನೆಗಳು ಒಂದರ ಬೆನ್ನಿಗೊಂದು ಬರುತ್ತವೆ. ಒಬ್ಬರು ಆಡಿದ ಮಾತನ್ನು ಆಡಿದಂತೆಯೇ ಬರೆಯುವಾಗ ಬಳಸತಕ್ಕ ಉದ್ಧರಣ ಚಿಹ್ನೆಯೊಂದು. ಪಾರಿಭಾಷಿಕ ಪದ, ಅನ್ಯಭಾಷೆಯ ಪದ ಮೊದಲಾದವುಗಳನ್ನು ಎತ್ತಿ ತೋರಿಸುವಾಗ ಬಳಸತಕ್ಕ ವಾಕ್ಯವೇಷ್ಟನ ಚಿಹ್ನೆಯೊಂದು. ಒಂದೊಂದಕ್ಕೆ ಒಂದೊಂದು ಉದಾಹರಣೆ; ಅಲ್ಲಿಗೆ ಪಾಠ ಮುಗಿಯಿತು. ಅದೇ ಮಕ್ಕಳಿಗೆ ಬೇರೊಂದು ತಾಸಿನಲ್ಲಿ, ಪ್ರಬಂಧ ಮತ್ತು ಪತ್ರಲೇಖನಗಳ ಜೊತೆಗೆ, ಶಾಲೆಯ ಸಮಾರಂಭವೊಂದರ ವರದಿಯನ್ನು ಪತ್ರಿಕೆಗೆ ಬರೆದಂತೆ ಬರೆಯಲು ಹೇಳಲಾಗುತ್ತದೆ. ಈ ಎರಡು ಪಾಠಗಳು ಒಂದನ್ನೊಂದು ಎಂದೂ ಸಂಧಿಸುವದಿಲ್ಲ. ಚಿಹ್ನೆಯನ್ನು ಕಲಿತ ಮಗುವು ಒಬ್ಬನ ಮಾತನ್ನು ಯಾವಾಗ ಅವನ ನುಡಿಯಲ್ಲಿಯೇ ಕೊಡಬೇಕು, ಯಾವಾಗ ತನ್ನ ನುಡಿಯಲ್ಲಿ ಸಂಗ್ರಹಿಸಬೇಕು, ಹಾಗೆ ಸಂಗ್ರಹಿಸುವಾಗ ಏನನ್ನು ಬಿಡಕೂಡದು ಎಂಬುದನ್ನು ಕಲಿಯುವದಿಲ್ಲ. ವರದಿಯನ್ನು ಬರೆಯಲು ಕುಳಿತ ಮಗುವು ತಾನು ಬರೆಯುತ್ತಿರುವದರಲ್ಲಿ ಮುಕ್ಕಾಲು ಪಾಲು ಪರರ ಮಾತೆಂಬುದನ್ನು ಅರಿಯುವದಿಲ್ಲ.

ಇತಿಹಾಸದ ಅಧ್ಯಾಪಕನೊಬ್ಬನು ಭಾಷಾಬೋಧಕರ ಹೊಲದಲ್ಲಿ ಕಾಲಿಡುವದೇಕೆಂದು ವಾಚಕರು ಕೇಳಬಹುದು. ಉತ್ತರವು ಸರಳವಾಗಿದೆ. ಪದವಿ ತರಗತಿಗೆ ಬಂದ ವಿದ್ಯಾರ್ಥಿಯ ಕೈಗೆ ಹಳೆಯ ಪತ್ರಿಕೆಯ ತುಣುಕೊಂದನ್ನು ಕೊಟ್ಟು, ಇದರಲ್ಲಿ ಮಾತನಾಡಿದವರಾರು, ಕೇಳಿದವರಾರು, ಬರೆದವರಾರು ಎಂದು ಪ್ರಶ್ನಿಸಿದರೆ ಬಹುಮಟ್ಟಿಗೆ ಉತ್ತರವು ದೊರೆಯುವದಿಲ್ಲ. ಅಚ್ಚಾದದ್ದೆಲ್ಲವೂ ಅವನಿಗೆ ಒಂದೇ ದನಿ. ಈ ದೋಷವು ಕಾಲೇಜಿನಲ್ಲಿ ಹುಟ್ಟಿದ್ದಲ್ಲ. ಹತ್ತು ಹನ್ನೆರಡು ವರುಷದ ವಯಸ್ಸಿನಲ್ಲಿ ಕಲಿಸಬೇಕಾದದ್ದನ್ನು ಕಲಿಸದೆ ಬಿಟ್ಟದ್ದರ ಫಲ. ಉದ್ಧರಣೆಯೆಂಬುದು ಚಿಹ್ನೆಯ ವಿಷಯವಲ್ಲ, ಸಾಕ್ಷ್ಯದ ವಿಷಯ. ಹೀಗೆಂದು ನಾನು ಇಲ್ಲಿ ವಾದಿಸಬೇಕೆಂದಿದ್ದೇನೆ.

ಮೊದಲು ಕನ್ನಡ ಭಾಷೆಯ ಸ್ವಭಾವವನ್ನೇ ನೋಡಬೇಕು. ನಮ್ಮ ಶಾಸನಗಳಲ್ಲಿಯಾಗಲಿ ತಾಳೆಯೋಲೆಗಳಲ್ಲಿಯಾಗಲಿ ಉದ್ಧರಣ ಚಿಹ್ನೆಯಿಲ್ಲ. ಅದು ಮುದ್ರಣದೊಡನೆ ಯುರೋಪಿನಿಂದ ಬಂದದ್ದು. ಆದರೂ ನಮ್ಮ ಹಿಂದಿನವರಿಗೆ ಒಬ್ಬನ ಮಾತು ಎಲ್ಲಿ ಮುಗಿಯಿತೆಂಬುದನ್ನು ತಿಳಿಸುವದಕ್ಕೆ ಯಾವ ಕಷ್ಟವೂ ಆಗಲಿಲ್ಲ. ‘ಎನ್’ ಧಾತುವಿನಿಂದ ಹುಟ್ಟಿದ ಎಂದು, ಎನೆ, ಎಂಬ, ಎಂದೊಡೆ ಎಂಬ ರೂಪಗಳು ಮಾತಿನ ತುದಿಗೆ ಬೇಲಿಯಂತೆ ನಿಂತು ಆ ಕೆಲಸವನ್ನು ಮಾಡುತ್ತಿದ್ದವು, ಇಂದಿಗೂ ಮಾಡುತ್ತಿವೆ. ಪರರ ಮಾತನ್ನು ಆಧಾರವಾಗಿ ಕೊಡುವ ಪದ್ಧತಿಯೂ ನಮಗೆ ಹೊಸದಲ್ಲ. ೧೩ನೆಯ ಶತಮಾನದ ಕೇಶಿರಾಜನು ತನ್ನ ವ್ಯಾಕರಣಸೂತ್ರಗಳಿಗೆ ಹಿಂದಿನ ಕವಿಗಳ ಪ್ರಯೋಗಗಳನ್ನು ಎತ್ತಿ ಕೊಟ್ಟಿದ್ದಾನೆ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ನಿಘಂಟು ಶಬ್ದಗಳ ಮುಂದೆ ಅವು ದೊರೆತ ಗ್ರಂಥಗಳ ಹೆಸರನ್ನು ಸೂಚಿಸುತ್ತದೆ. ಕನ್ನಡದ ಶಬ್ದಶಾಸ್ತ್ರವು ಉದ್ಧರಣೆಯ ಅಡಿಗಲ್ಲಿನ ಮೇಲೆ ನಿಂತಿದೆಯೆಂದರೆ ಅತಿಶಯೋಕ್ತಿಯಾಗದು.

ಆದರೆ ‘ಎಂದು’ ಎಂಬುದು ಮಾತಿನ ಕೊನೆಯನ್ನು ಮಾತ್ರ ತೋರಿಸುತ್ತದೆ, ಮೊದಲನ್ನು ತೋರಿಸುವದಿಲ್ಲ. ಅದಲ್ಲದೆ ಆಡಿದ ಶಬ್ದಗಳು ಇವೇ ಎಂಬ ಹೊಣೆಯನ್ನೂ ಅದು ಹೊರುವದಿಲ್ಲ. ‘ನಾಳೆ ನೀರು ಬಿಡುತ್ತೇವೆ ಎಂದು ಅಧಿಕಾರಿಗಳು ತಿಳಿಸಿದರು’ ಎಂಬ ವಾಕ್ಯವನ್ನು ತೆಗೆದುಕೊಳ್ಳಿರಿ. ಹುಬ್ಬಳ್ಳಿ-ಧಾರವಾಡದಲ್ಲಿ ನಳದ ನೀರಿಗಾಗಿ ದಿನಗಳನ್ನು ಎಣಿಸಿದ ಯಾವ ಗೃಹಿಣಿಗೂ ಇದು ಕೇವಲ ವ್ಯಾಕರಣದ ಪ್ರಶ್ನೆಯಾಗಿ ಕಾಣದು. ಅಧಿಕಾರಿಯು ಸೋಮವಾರ ಹೇಳಿದನು. ಬಾತ್ಮೀದಾರನು ಸೋಮವಾರ ರಾತ್ರಿ ಬರೆದನು. ಪತ್ರಿಕೆಯು ಮಂಗಳವಾರ ಮನೆಗೆ ಬಂದಿತು. ‘ನಾಳೆ’ ಎಂಬುದು ಮಂಗಳವಾರವೋ ಬುಧವಾರವೋ? ಅವತರಣ ಚಿಹ್ನೆಗಳ ನಡುವೆ ಇದ್ದರೆ ಅದು ಅಧಿಕಾರಿಯ ನಾಳೆ, ಎಂದರೆ ಮಂಗಳವಾರ. ಚಿಹ್ನೆಗಳಿಲ್ಲದಿದ್ದರೆ ಅದು ಬರೆದವನ ನಾಳೆಯೂ ಆಗಬಹುದು, ಓದುವವಳ ನಾಳೆಯೂ ಆಗಬಹುದು.

ಸರ್ವನಾಮಗಳ ಪಾಡೂ ಇದೇ. ‘ನಾನು ಹಣವನ್ನು ತೆಗೆದುಕೊಂಡಿಲ್ಲ ಎಂದು ಕಾರ್ಯದರ್ಶಿಗಳು ಹೇಳಿದರು’ ಎಂದು ಬರೆದರೆ ಇಂಗ್ಲಿಷಿನಲ್ಲಿ ಹುಟ್ಟುವ ತೊಡಕು ಕನ್ನಡದಲ್ಲಿ ಹುಟ್ಟುವದಿಲ್ಲ. ನಮ್ಮ ಕಿವಿಯು ಆ ‘ನಾನು’ ಕಾರ್ಯದರ್ಶಿಯದೆಂದೇ ತಿಳಿಯುತ್ತದೆ. ಅನುಮಾನಕ್ಕೆ ಎಡೆಯಿದ್ದಲ್ಲಿ ‘ತಾನು ತೆಗೆದುಕೊಂಡಿಲ್ಲವೆಂದು’ ಎಂದು ಬರೆಯುವ ಸೊಗಸಾದ ಉಪಾಯವೂ ನಮ್ಮಲ್ಲಿದೆ. ಈ ‘ತಾನು’ ಎಂಬುದು ಉದ್ಧರಣೆಗೂ ಸಂಗ್ರಹಕ್ಕೂ ನಡುವೆ ನಿಂತ ಒಂದು ಮೆಟ್ಟಿಲು. ಮಾತಿನ ಒಡೆತನವನ್ನು ಆಡಿದವನಲ್ಲಿಯೇ ಉಳಿಸಿ, ಶಬ್ದಗಳ ಹೊಣೆಯನ್ನು ಮಾತ್ರ ಬರೆದವನು ಹೊರುತ್ತಾನೆ. ಇಂಥ ಸಾಧನವು ಮನೆಯಲ್ಲಿಯೇ ಇರುವಾಗ ನಮ್ಮ ಮಕ್ಕಳು ಪರೋಕ್ಷ ಕಥನವನ್ನು ಕಲಿಯುವದು ಎಲ್ಲಿ? ಇಂಗ್ಲಿಷ್ ವ್ಯಾಕರಣದ ತಾಸಿನಲ್ಲಿ. ಅಲ್ಲಿ ಪ್ರತ್ಯಕ್ಷ ವಾಕ್ಯವನ್ನು ಪರೋಕ್ಷಕ್ಕೆ ತಿರುಗಿಸುವ ಅಭ್ಯಾಸಗಳಿವೆ. ವರ್ತಮಾನವು ಭೂತವಾಗಬೇಕು, ‘ಇಲ್ಲಿ’ ಎಂಬುದು ‘ಅಲ್ಲಿ’ ಎಂದಾಗಬೇಕು, ‘ಇಂದು’ ಎಂಬುದು ‘ಆ ದಿನ’ವಾಗಬೇಕು, ಗಣಿತದ ಸಮೀಕರಣದಂತೆ ಬಲಕ್ಕಿದ್ದುದು ಎಡಕ್ಕೆ ಬಂದರೆ ಗುಣ ದೊರೆಯಿತು. ಏಕೆ ತಿರುಗಿಸಬೇಕು, ತಿರುಗಿಸಿದಾಗ ಏನು ಕಳೆಯಿತು ಎಂಬ ಪ್ರಶ್ನೆಯೇ ಅಲ್ಲಿ ಏಳುವದಿಲ್ಲ. ಆ ನಿಯಮಗಳನ್ನು ಕನ್ನಡಕ್ಕೆ ಹೊತ್ತು ತಂದ ವಿದ್ಯಾರ್ಥಿಯು ‘ಅವರು ಬರುತ್ತಿದ್ದರೆಂದು ಹೇಳಿದರು’ ಎಂದು ಬರೆದು, ಬರುವೆನೆಂದವನನ್ನು ಹಿಂದೊಮ್ಮೆ ಬರುತ್ತಿದ್ದವನನ್ನಾಗಿ ಮಾಡಿಬಿಡುತ್ತಾನೆ.

ಮತ್ತೊಂದು ಸಂಪತ್ತು ನಮ್ಮಲ್ಲಿದೆ; ಅದನ್ನು ನಾವು ಶಾಲೆಯ ಬಾಗಿಲಲ್ಲಿಯೇ ಬಿಡಿಸುತ್ತೇವೆ. ಅದು ‘ಅಂತೆ’ ಎಂಬ ಅವ್ಯಯ. ‘ಗಿಡ ಬಿದ್ದಿತು’ ಎಂಬುದಕ್ಕೂ ‘ಗಿಡ ಬಿದ್ದಿತಂತೆ’ ಎಂಬುದಕ್ಕೂ ಇರುವ ಭೇದವನ್ನು ನಾಲ್ಕು ವರುಷದ ಕನ್ನಡದ ಮಗುವು ಬಲ್ಲದು. ಧಾರವಾಡದ ಓಣಿಯಲ್ಲಿ ಅದು ‘ಬಿತ್ತಂತ’ ಎಂದಾಗುತ್ತದೆ, ಅಷ್ಟೇ. ಕಂಡದ್ದನ್ನೂ ಕೇಳಿದ್ದನ್ನೂ ಒಂದೇ ಅಕ್ಷರದಿಂದ ಬೇರ್ಪಡಿಸುವ ಈ ಶಕ್ತಿಯು ಹಲವು ದೊಡ್ಡ ಭಾಷೆಗಳಿಗೂ ಇಲ್ಲ. ಆದರೆ ಬರೆವಣಿಗೆಯಲ್ಲಿ ‘ಅಂತೆ’ಯು ಗ್ರಾಮ್ಯವೆಂದೋ ಗಾಳಿಸುದ್ದಿಯ ಮಾತೆಂದೋ ತಿದ್ದಿಹಾಕುತ್ತೇವೆ, ಅದರ ಸ್ಥಾನದಲ್ಲಿ ‘ಎನ್ನಲಾಗಿದೆ’, ‘ತಿಳಿದುಬಂದಿದೆ’ ಎಂಬ ರೂಪಗಳನ್ನು ಪತ್ರಿಕೆಗಳಿಂದ ಕಲಿತು ಕೂಡಿಸುತ್ತೇವೆ. ‘ಅಂತೆ’ ಎಂದಾಗ ಕೇಳಿದವನು ‘ಯಾರು ಹೇಳಿದರು?’ ಎಂದು ಕೂಡಲೇ ಕೇಳುತ್ತಾನೆ. ‘ತಿಳಿದುಬಂದಿದೆ’ ಎಂದಾಗ ಯಾರೂ ಕೇಳುವದಿಲ್ಲ. ತಿಳಿದದ್ದು ಯಾರಿಗೆ, ಬಂದದ್ದು ಎಲ್ಲಿಂದ ಎಂಬುದು ಕರ್ಮಣಿ ಪ್ರಯೋಗದ ಮರೆಯಲ್ಲಿ ಅಡಗಿ ಕುಳಿತಿರುತ್ತದೆ. ಹೀಗೆ ಮಗುವಿನಲ್ಲಿ ಸಹಜವಾಗಿದ್ದ ಒಂದು ವಿವೇಕವನ್ನು ಶಿಕ್ಷಣವೇ ಮಸುಕುಗೊಳಿಸುತ್ತದೆ.

ಇನ್ನು ಮಕ್ಕಳ ಮುಂದೆ ಮಾದರಿಯಾಗಿ ಇಡಲಾಗುವ ಪತ್ರಿಕಾವರದಿಗಳನ್ನು ನೋಡೋಣ. ಸಮಾರಂಭದ ಬಾತ್ಮಿಯ ಅಚ್ಚು ಎಲ್ಲರಿಗೂ ಪರಿಚಿತವಾದದ್ದು. ಒಬ್ಬರು ಅಧ್ಯಕ್ಷತೆ ವಹಿಸಿದ್ದರು, ಒಬ್ಬರು ಸ್ವಾಗತಿಸಿದರು, ಒಬ್ಬರು ನಿರೂಪಿಸಿದರು, ಒಬ್ಬರು ವಂದಿಸಿದರು. ಇವರ ನಡುವೆ ಅತಿಥಿಗಳು ವಿದ್ಯಾರ್ಥಿಗಳು ಶಿಸ್ತನ್ನು ಮೈಗೂಡಿಸಿಕೊಳ್ಳಬೇಕೆಂದು ಕರೆ ನೀಡಿದರು. ಆ ಅತಿಥಿಗಳು ಒಂದು ಗಂಟೆ ಮಾತನಾಡಿರಬಹುದು. ಅದರಲ್ಲಿ ತಮ್ಮ ಬಾಲ್ಯದ ಸಂಗತಿಯೊಂದನ್ನು ಯಾರೂ ಮರೆಯದಂತೆ ಹೇಳಿರಲೂಬಹುದು. ವರದಿಯಲ್ಲಿ ಉಳಿಯುವದು ಶಿಸ್ತು. ಇದು ಉದ್ಧರಣೆಯೂ ಅಲ್ಲ, ಸಂಗ್ರಹವೂ ಅಲ್ಲ. ಭಾಷಣಕ್ಕೆ ಹೋಗದೆಯೂ ಬರೆಯಬಹುದಾದ ವಾಕ್ಯ. ನಮ್ಮ ಮಕ್ಕಳು ಅನೇಕರು ಹಾಗೆಯೇ ಬರೆಯುತ್ತಾರೆಂಬುದು ಬೇರೆ ಮಾತು.

ಈ ಬಾತ್ಮಿಗಳಲ್ಲಿಯ ಕ್ರಿಯಾಪದಗಳು ಪ್ರತ್ಯೇಕ ಪರೀಕ್ಷೆಗೆ ಯೋಗ್ಯವಾಗಿವೆ. ಹೇಳಿದರು ಎಂಬ ಸಾಮಾನ್ಯ ಶಬ್ದವು ಬಡವಾಗಿ ತೋರಿ, ಬರೆಯುವವರು ಅಭಿಪ್ರಾಯಪಟ್ಟರು, ಪ್ರತಿಪಾದಿಸಿದರು, ಕಿವಿಮಾತು ಹೇಳಿದರು, ವಿಷಾದಿಸಿದರು, ಗುಡುಗಿದರು ಎಂದು ಬದಲಿಸುತ್ತ ಹೋಗುತ್ತಾರೆ. ಇವುಗಳಲ್ಲಿ ಕೆಲವು ನಿರುಪದ್ರವಿಗಳು. ಎಲ್ಲವೂ ಹಾಗಲ್ಲ. ‘ರಸ್ತೆಯ ಕೆಲಸದಲ್ಲಿ ಅವ್ಯವಹಾರ ನಡೆದಿಲ್ಲವೆಂದು ಸ್ಪಷ್ಟಪಡಿಸಿದರು’ ಎಂದು ಬರೆದಾಗ ಅವ್ಯವಹಾರ ನಡೆದಿಲ್ಲವೆಂಬುದನ್ನು ಬರೆದವನು ಒಪ್ಪಿಕೊಂಡಂತಾಯಿತು. ಇದ್ದ ಸತ್ಯವನ್ನಲ್ಲದೆ ಇಲ್ಲದ್ದನ್ನು ಸ್ಪಷ್ಟಪಡಿಸಲು ಬರುವದಿಲ್ಲ. ‘ನಡೆದಿದೆಯೆಂದು ಬಹಿರಂಗಪಡಿಸಿದರು’ ಎಂದಾಗ ತಕ್ಕಡಿಯು ಇನ್ನೊಂದು ಕಡೆಗೆ ವಾಲುತ್ತದೆ. ‘ಆರೋಪಿಸಿದರು’ ಎಂಬುದರಲ್ಲಿ ಸಂಶಯದ ವಾಸನೆಯಿದೆ. ಅಧಿಕಾರದಲ್ಲಿರುವವರು ಸ್ಪಷ್ಟಪಡಿಸುತ್ತಾರೆ, ಓಣಿಯ ಜನರು ದೂರುತ್ತಾರೆ. ಈ ಹಂಚಿಕೆಯನ್ನು ಯಾರೂ ಬೇಕೆಂದು ಮಾಡಿದ್ದಲ್ಲ, ಆದರೆ ಒಂದು ತಿಂಗಳಿನ ಸ್ಥಳೀಯ ಪುಟಗಳನ್ನು ಮುಂದಿಟ್ಟುಕೊಂಡು ಯಾವ ತರಗತಿಯಾದರೂ ಇದನ್ನು ಲೆಕ್ಕ ಹಾಕಿ ನೋಡಬಹುದು. ‘ಹೇಳಿದರು’ ಎಂಬ ಶಬ್ದದ ಬಡತನವೇ ಅದರ ಪ್ರಾಮಾಣಿಕತೆ. ಎಂಟನೆಯ ಇಯತ್ತೆಯವರೆಗಾದರೂ ಮಕ್ಕಳಿಗೆ ಅದೊಂದನ್ನೇ ಕೊಡುವದು ಲೇಸು.

ಇನ್ನೊಂದು ರೂಢಿಯು ಇದಕ್ಕಿಂತ ಸೂಕ್ಷ್ಮವಾದದ್ದು. ನಾಲ್ಕೈದು ವಾಕ್ಯಗಳ ಒಂದು ಪ್ಯಾರಾ, ಎಲ್ಲಿಯೂ ಚಿಹ್ನೆಗಳಿಲ್ಲ, ಬರಗಾಲ, ಬೆಳೆ, ಸಾಲ ಇವುಗಳ ಬಗೆಗೆ ನಿಶ್ಚಿತವಾದ ಸಂಗತಿಗಳು, ಕಟ್ಟಕಡೆಗೆ ‘ಎಂದರು’ ಎಂಬ ಒಂದೇ ಶಬ್ದ. ಓದುಗನು ಆವರೆಗೆ ಪತ್ರಿಕೆಯ ಮಾತೆಂದು ನಂಬಿ ಬಂದದ್ದು ಕೊನೆಯ ಹೆಜ್ಜೆಯಲ್ಲಿ ಒಬ್ಬ ಭಾಷಣಕಾರನ ಮಾತಾಗಿಬಿಡುತ್ತದೆ. ಕನ್ನಡದಲ್ಲಿ ಕ್ರಿಯಾಪದವು ಕೊನೆಗೆ ಬರುವದರಿಂದ ಈ ಅನುಕೂಲವು ದೊರೆತಿದೆ. ಅನುಕೂಲವನ್ನು ಸೋಮಾರಿತನಕ್ಕೆ ಉಪಯೋಗಿಸಲಾಗಿದೆ. ಪರಿಹಾರವು ಕಷ್ಟದ್ದಲ್ಲ. ಮಾತನಾಡಿದವನ ಹೆಸರನ್ನು ಪ್ಯಾರಾದ ತಲೆಗೆ ತರಬೇಕು, ದನಿಯು ಬದಲಾದಾಗಲೆಲ್ಲ ಹೆಸರನ್ನು ಮತ್ತೆ ಹೇಳಬೇಕು. ಪುನರುಕ್ತಿಯೆಂದು ತಿದ್ದುವ ಮಾಸ್ತರರು ಇಲ್ಲಿ ಕೈಯನ್ನು ತಡೆಯಬೇಕು.

ಈಗ ಹುಬ್ಬಳ್ಳಿ-ಧಾರವಾಡದವರಾದ ನಮಗೆ ವಿಶೇಷವಾಗಿ ಸಂಬಂಧಿಸಿದ ಪ್ರಶ್ನೆಗೆ ಬರುತ್ತೇನೆ. ನಗರದ ಒಂದು ಪ್ರೌಢಶಾಲೆಯಲ್ಲಿ ಮಕ್ಕಳು ಗೋಡೆಪತ್ರಿಕೆಗಾಗಿ ಸಂತೆಯ ವರದಿಯನ್ನು ಬರೆದಿದ್ದರು. ನೋಡಲು ನನ್ನನ್ನು ಕರೆದಿದ್ದರು. ಒಬ್ಬ ಹುಡುಗಿಯು ಕಾಯಿಪಲ್ಲೆ ಮಾರುವ ಮುದುಕಿಯೊಬ್ಬಳನ್ನು ಮಾತನಾಡಿಸಿ, ಅವಳ ಮಾತನ್ನು ಚಿಹ್ನೆಗಳ ನಡುವೆ ಹೀಗೆ ಬರೆದಿದ್ದಳು: “ಮಳಿ ಬಂತಂದ್ರ ಬುಟ್ಟಿ ಎಲ್ಲಿ ಇಡೂದವಾ? ತಲಿಮ್ಯಾಲ ಹೊತಗೊಂಡ ನಿಂದರಬೇಕ.” ಶಿಕ್ಷಕರು ಅದನ್ನು ಕೆಂಪು ಮಸಿಯಿಂದ ಹೊಡೆದುಹಾಕಿ, ಮೇಲ್ಗಡೆಗೆ, ಅದೇ ಚಿಹ್ನೆಗಳ ನಡುವೆ, “ಮಳೆಗಾಲದಲ್ಲಿ ಮೂಲಭೂತ ಸೌಕರ್ಯಗಳ ಕೊರತೆಯಿಂದ ನಾವು ತೀವ್ರ ತೊಂದರೆಯನ್ನು ಅನುಭವಿಸುತ್ತಿದ್ದೇವೆ” ಎಂದು ಬರೆದಿದ್ದರು. ಹುಡುಗಿಯು ವಿನಯದಿಂದಲೇ, ಆದರೆ ಗಟ್ಟಿಯಾಗಿ, “ಆಯಿ ಹಂಗ ಅಂದಿಲ್ರೀ ಸರ” ಎಂದಳು. ಶಿಕ್ಷಕರು ಸಜ್ಜನರು, ಭಾಷೆಯ ಶುದ್ಧಿಯ ಬಗೆಗೆ ಕಾಳಜಿಯುಳ್ಳವರು. ಪತ್ರಿಕೆಯಲ್ಲಿ ಹಾಗೆ ಬರೆಯುವದಿಲ್ಲವೆಂದು ಸಮಾಧಾನ ಹೇಳಿದರು.

ಇಲ್ಲಿ ನ್ಯಾಯವು ಹುಡುಗಿಯ ಪಕ್ಷದಲ್ಲಿದೆಯೆಂದು ನನ್ನ ನಿಶ್ಚಿತ ಮತ. ಮುದುಕಿಯು ಹೇಳಿದ್ದು ಬುಟ್ಟಿ, ತಲೆ, ನಿಲ್ಲುವದು. ತಿದ್ದುಪಡಿಯಲ್ಲಿ ಈ ಮೂರೂ ಇಲ್ಲ. ‘ಮೂಲಭೂತ ಸೌಕರ್ಯ’ವು ನಗರಸಭೆಯ ಠರಾವಿನ ಭಾಷೆ, ಅವಳು ಆ ಶಬ್ದವನ್ನು ತನ್ನ ಜನ್ಮದಲ್ಲಿ ಆಡಿರಲಿಕ್ಕಿಲ್ಲ. ಗ್ರಾಂಥಿಕ ರೂಪವೇ ಬೇಕೆಂದಾದರೆ ಚಿಹ್ನೆಗಳನ್ನು ತೆಗೆದು, ಮಳೆ ಬಂದರೆ ಬುಟ್ಟಿಯನ್ನು ಇಡಲು ಸ್ಥಳವಿಲ್ಲದೆ ತಲೆಯ ಮೇಲೆ ಹೊತ್ತು ನಿಲ್ಲಬೇಕಾಗುತ್ತದೆಂದು ಆಕೆ ಹೇಳಿದಳು ಎಂದು ಬರೆಯಬಹುದಾಗಿತ್ತು. ಅದು ಪ್ರಾಮಾಣಿಕ ಸಂಗ್ರಹ. ಚಿಹ್ನೆಗಳನ್ನು ಉಳಿಸಿ ಶಬ್ದಗಳನ್ನು ಬದಲಿಸುವದು, ಸೌಮ್ಯವಾಗಿ ಹೇಳುವದಾದರೆ, ಸಾಕ್ಷಿಯ ಹೆಬ್ಬೆಟ್ಟನ್ನು ಬೇರೆ ಕಾಗದದ ಮೇಲೆ ಒತ್ತಿಸಿದಂತೆ.

ಇದಕ್ಕೆ ಒಂದು ಬಲವಾದ ಆಕ್ಷೇಪವುಂಟು. ಅದನ್ನು ಹಗುರಾಗಿ ತಳ್ಳಿಹಾಕಲು ಬರುವದಿಲ್ಲ. ಅಧಿಕಾರಿಯ ಮಾತನ್ನು ಗ್ರಂಥಭಾಷೆಯಲ್ಲಿಯೂ ಕಾಯಿಪಲ್ಲೆಯ ಆಯಿಯ ಮಾತನ್ನು ಆಡುನುಡಿಯಲ್ಲಿಯೂ ಅಚ್ಚು ಹಾಕಿದರೆ ಓದುವವರು ಆಯಿಯನ್ನು ಕಂಡು ನಗುತ್ತಾರೆ. ನಾಟಕಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಉತ್ತರ ಕರ್ನಾಟಕದ ನುಡಿಯನ್ನು ಬಹುಕಾಲ ಹಾಸ್ಯಪಾತ್ರಗಳಿಗೆ ಮೀಸಲಾಗಿಟ್ಟ ಕಾರಣ ಈ ನಗೆಯು ಇನ್ನೂ ಸುಲಭವಾಗಿದೆ. ಆದರೆ ಧಾರವಾಡದ ಅಧಿಕಾರಿಯೂ ಮನೆಯಲ್ಲಿ, ಎಷ್ಟೋ ಸಲ ಕಚೇರಿಯಲ್ಲಿಯೂ, ಇದೇ ನುಡಿಯನ್ನಾಡುತ್ತಾನೆ; ಅವನ ಬಾಯಿಯಿಂದ ‘ನೋಡೂಣು, ಮಾಡೂಣು’ ಎಂದು ಬಂದದ್ದನ್ನು ವರದಿಯು ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವದು’ ಎಂದು ಮಾಡುತ್ತದೆ. ಎರಡರಲ್ಲಿ ಎಷ್ಟು ಅಂತರ! ನಿಯಮವು ಒಂದೇ ಇರಲಿ. ಚಿಹ್ನೆಗಳ ನಡುವೆ ಇಬ್ಬರ ಮಾತೂ ಆಡಿದಂತೆ. ಇಲ್ಲವೆ ಇಬ್ಬರದೂ ಸಂಗ್ರಹವಾಗಿ, ಚಿಹ್ನೆಗಳಿಲ್ಲದೆ. ಉರ್ದುವಿನಲ್ಲಿಯೋ ಮರಾಠಿಯಲ್ಲಿಯೋ ಕೊಂಕಣಿಯಲ್ಲಿಯೋ ಹೇಳಿದ್ದನ್ನು ಕನ್ನಡದಲ್ಲಿ ಕೊಡುವಾಗ—ಹುಬ್ಬಳ್ಳಿಯಲ್ಲಿ ಇದು ದಿನನಿತ್ಯದ ಸಂಗತಿ—ಮೂಲಭಾಷೆಯನ್ನು ಒಂದು ಶಬ್ದದಲ್ಲಿ ಸೂಚಿಸಬೇಕು. ಅಷ್ಟು ಮಾಡುವ ಪತ್ರಿಕೆಗಳು ವಿರಳ.

ಶಬ್ದಗಳ ಮೇಲೆ ಇಷ್ಟು ಹಟವೇಕೆಂದು ಕೇಳುವವರಿಗೆ ಇತಿಹಾಸದಿಂದ ಎರಡು ಸಂಗತಿಗಳನ್ನು ಹೇಳುತ್ತೇನೆ. ೧೯೦೮ರ ಜುಲೈ ತಿಂಗಳಿನಲ್ಲಿ ಮುಂಬಯಿಯ ಹೈಕೋರ್ಟಿನಲ್ಲಿ ಬಾಳ ಗಂಗಾಧರ ತಿಲಕರ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಅಪರಾಧವೆಂದು ತೋರಿಸಲ್ಪಟ್ಟದ್ದು ಕೇಸರಿಯಲ್ಲಿಯ ಮರಾಠಿ ಲೇಖನಗಳು. ನ್ಯಾಯಾಲಯದ ಮುಂದೆ ಬಂದದ್ದು ಅವುಗಳ ಇಂಗ್ಲಿಷ್ ಭಾಷಾಂತರಗಳು. ಜ್ಯೂರಿಯಲ್ಲಿ ಏಳು ಜನ ಯುರೋಪಿಯನ್ನರು, ಇಬ್ಬರು ಪಾರಸಿಗಳು. ತಿಲಕರು ತಮ್ಮ ವಾದವನ್ನು ತಾವೇ ಮಂಡಿಸುತ್ತ, ಭಾಷಾಂತರಕಾರನು ಯಾವ ಯಾವ ಮರಾಠಿ ಶಬ್ದಕ್ಕೆ ಇಲ್ಲದ ಉಗ್ರಾರ್ಥವನ್ನು ಕೊಟ್ಟಿದ್ದಾನೆಂಬುದನ್ನು ಒಂದೊಂದಾಗಿ ಎತ್ತಿ ತೋರಿಸಿದರು. ಏಳಕ್ಕೆ ಎರಡರಂತೆ ಅಪರಾಧಿಯೆಂದು ನಿರ್ಣಯವಾಗಿ ಆರು ವರುಷಗಳ ಗಡೀಪಾರು ಶಿಕ್ಷೆಯಾಯಿತು. ಮಂಡಾಲೆಯ ಸೆರೆಮನೆಗೆ ಹೋದರು. ಆ ಸರಕಾರವು ಸರಿಯಾದ ಭಾಷಾಂತರದಿಂದ ಅವರನ್ನು ಬಿಟ್ಟುಬಿಡುತ್ತಿತ್ತೆಂದು ನಾನು ಹೇಳಲಾರೆ. ಆದರೆ ಒಬ್ಬ ಮನುಷ್ಯನ ಸ್ವಾತಂತ್ರ್ಯವು ಅವನದಲ್ಲದ ಶಬ್ದಗಳ ಮೇಲೆ ತೂಗಲ್ಪಟ್ಟಿತೆಂಬುದು ನಿರ್ವಿವಾದ.

ಎರಡನೆಯದು ನಮ್ಮ ಮನೆಯದೇ. ೧೮೪೩ನೆಯ ಜುಲೈ ೧ರಂದು ಹೆರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಹೊರಬಂದ ಮೇಲೆ ಕನ್ನಡದಲ್ಲಿ ಎಷ್ಟೋ ಪತ್ರಿಕೆಗಳು ಹುಟ್ಟಿದವು. ಧಾರವಾಡದಿಂದ ಹೊರಟ ೧೯ನೆಯ ಶತಮಾನದ ವಾರಪತ್ರಿಕೆಗಳಲ್ಲಿ ಎಲ್ಲ ಸಂಚಿಕೆಗಳು ಉಳಿದು ಬಂದದ್ದು ಅಪರೂಪ. ಆದರೆ ಮುಂಬಯಿ ಸರಕಾರವು ದೇಶೀಯ ಪತ್ರಿಕೆಗಳ ಮೇಲೆ ಕಣ್ಣಿಡುವದಕ್ಕಾಗಿ ವಾರವಾರವೂ ಅವುಗಳ ಸಾರವನ್ನು ಇಂಗ್ಲಿಷಿನಲ್ಲಿ ಸಿದ್ಧಗೊಳಿಸಿ ಅಧಿಕಾರಿಗಳಿಗೆ ಹಂಚುತ್ತಿತ್ತು. ಆ ವರದಿಗಳು ಪತ್ರಾಗಾರಗಳಲ್ಲಿ ಭದ್ರವಾಗಿವೆ. ಇದರ ಪರಿಣಾಮವಾಗಿ, ಧಾರವಾಡದ ಸಂಪಾದಕನೊಬ್ಬನು ಬರದ ಬಗೆಗೋ ಅರಣ್ಯದ ಕಾನೂನಿನ ಬಗೆಗೋ ಏನು ಬರೆದನೆಂಬುದನ್ನು ತಿಳಿಯಬೇಕಾದರೆ ಸಂಶೋಧಕನು ಅನೇಕ ಸಲ ಸರಕಾರದ ಭಾಷಾಂತರಕಾರನ ಮೊರೆಹೋಗಬೇಕು. ‘ಪತ್ರಿಕೆಯು ಹೀಗೆ ದೂರುತ್ತದೆ’, ‘ಹೀಗೆ ಸೂಚಿಸುತ್ತದೆ’ ಎಂಬ ಪರೋಕ್ಷ ವಾಕ್ಯಗಳು ದೊರೆಯುತ್ತವೆ. ಸಂಪಾದಕನ ಕನ್ನಡವು ದೊರೆಯುವದಿಲ್ಲ. ಅವನು ವ್ಯಂಗ್ಯವಾಡಿದ್ದನೋ ಬೇಡಿಕೊಂಡಿದ್ದನೋ ಬೈದಿದ್ದನೋ ಹೇಗೆ ತಿಳಿಯಬೇಕು? ದೂರುತ್ತದೆ ಎಂಬ ಕ್ರಿಯಾಪದವನ್ನು ಆರಿಸಿದವನು ಭಾಷಾಂತರಕಾರ.

೧೯೨೧ನೆಯ ಜುಲೈ ೧ರಂದು ಧಾರವಾಡದಲ್ಲಿ ಸೆರೆ ಅಂಗಡಿಯ ಹತ್ತಿರ ಪೋಲೀಸರು ಗೋಳಿಬಾರು ಮಾಡಿ ಮೂವರು ಸತ್ತ ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಜನರು ಮೊದಲು ಏನು ಮಾಡಿದರೆಂಬ ಬಗೆಗೆ ಸರಕಾರದ ವೃತ್ತಾಂತಕ್ಕೂ ಕಾಂಗ್ರೆಸ್ಸು ನೇಮಿಸಿದ ವಿಚಾರಣಾ ಸಮಿತಿಯ ವೃತ್ತಾಂತಕ್ಕೂ ಹೊಂದಿಕೆಯಿಲ್ಲ. ಇಂಥ ಕಡೆಗಳಲ್ಲಿ ಇತಿಹಾಸಕಾರನು ಹಂಬಲಿಸುವದು ಅಲ್ಲಿ ನಿಂತಿದ್ದ ಒಬ್ಬ ಸಾಮಾನ್ಯ ಮನುಷ್ಯನು ಅಂದು ಸಂಜೆ ಆಡಿದ, ಯಾರೂ ತಿದ್ದದ ಎರಡು ವಾಕ್ಯಗಳಿಗಾಗಿ. ಕರ್ಮವೀರವು ಅದೇ ವರುಷ ಧಾರವಾಡದಲ್ಲಿ ಹುಟ್ಟಿತು. ಬೆಳಗಾವಿಯಲ್ಲಿ ಆರಂಭವಾದ ಸಂಯುಕ್ತ ಕರ್ನಾಟಕವು ಮುಂದೆ ಹುಬ್ಬಳ್ಳಿಗೆ ಬಂದು ನೆಲೆಸಿತು. ಈ ಪತ್ರಿಕೆಗಳು ನಾಡಿನ ಏಕೀಕರಣಕ್ಕಾಗಿ ದುಡಿದದ್ದನ್ನು ಎಲ್ಲರೂ ಬಲ್ಲರು. ಅದಕ್ಕಿಂತ ಕಡಿಮೆ ಗಮನಕ್ಕೆ ಬಂದ ಸಂಗತಿಯೆಂದರೆ ಹಳೆಯ ಸಂಚಿಕೆಗಳಲ್ಲಿ ನಾಯಕರ ಮಾತು ವಿಪುಲವಾಗಿ ದೊರೆಯುತ್ತದೆ, ಸಂತೆಗೆ ಬಂದವರ ಮಾತು ದೊರೆಯುವದು ಬಹು ಕಡಿಮೆ. ಇಂದಿನ ಮಕ್ಕಳ ಕೈಯಲ್ಲಿ ಅದು ಹೆಚ್ಚಬಹುದು; ಅದಕ್ಕಾಗಿಯೇ ಈ ಮಾತೆಲ್ಲ.

ಆದಾಗ್ಯೂ ಅಕ್ಷರಶಃ ಬರೆಯುವದೊಂದೇ ಸಾಕೆಂದು ತಿಳಿದರೆ ತಪ್ಪಾದೀತು. ಗ್ರೀಸಿನ ಥ್ಯುಸಿಡಿಡೀಸನು ತನ್ನ ಇತಿಹಾಸದಲ್ಲಿ ಕೊಟ್ಟ ಭಾಷಣಗಳು ನೆನಪಿನಿಂದ ಇದ್ದಂತೆಯೇ ಬರೆದವಲ್ಲ, ಆಯಾ ಸಂದರ್ಭಕ್ಕೆ ತಕ್ಕ ಮಾತನ್ನು ಒಟ್ಟು ಅಭಿಪ್ರಾಯಕ್ಕೆ ಆದಷ್ಟು ಹತ್ತಿರವಿಟ್ಟು ಬರೆದವೆಂದು ಪ್ರಾರಂಭದಲ್ಲಿಯೇ ಹೇಳಿಬಿಟ್ಟಿದ್ದಾನೆ. ಓದುಗನಿಗೆ ತಾನು ಏನು ಮಾಡಿದೆನೆಂಬುದನ್ನು ತಿಳಿಸಿದ ಕಾರಣ ಅವನಲ್ಲಿ ಮೋಸವಿಲ್ಲ. ಮಕ್ಕಳಿಗೂ ಇದನ್ನೇ ಕಲಿಸಬೇಕು. ಬರೆದುಕೊಳ್ಳಲಾಗದಿದ್ದರೆ ಚಿಹ್ನೆ ಹಾಕಬೇಡ. ಅರ್ಧ ವಾಕ್ಯವಷ್ಟೇ ಖಚಿತವಾಗಿ ನೆನಪಿದ್ದರೆ ಅರ್ಧಕ್ಕೇ ಹಾಕು. ಈಗ ಮೊಬೈಲಿನಲ್ಲಿ ದನಿಯನ್ನು ಹಿಡಿದಿಡಬಹುದಾದ್ದರಿಂದ ಈ ತೊಂದರೆಯು ತೀರಿತೆಂದು ಕೆಲವರು ಹೇಳುತ್ತಾರೆ. ಯಂತ್ರವು ಶಬ್ದಗಳನ್ನು ಕೊಡುತ್ತದೆ, ಯಾವ ಶಬ್ದಗಳನ್ನು ಆರಿಸಬೇಕೆಂಬುದನ್ನು ಕೊಡುವದಿಲ್ಲ. ಹತ್ತು ನಿಮಿಷದ ಮಾತಿನಿಂದ ಸಿಟ್ಟಿನ ಒಂದು ವಾಕ್ಯವನ್ನು ಕಿತ್ತು ಕೊಡು ಎಂದರೆ ಅದನ್ನೂ ನಿಷ್ಠೆಯಿಂದ ಕೊಡುತ್ತದೆ.

ಇದಕ್ಕಿಂತ ಗಂಭೀರವಾದದ್ದು ಆಡಿದವರ ಕ್ಷೇಮ. ಇನ್ನೊಂದು ಶಾಲೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಮಧ್ಯಾಹ್ನದ ಊಟದ ಬಗೆಗೆ ಬರೆದ ಹುಡುಗನೊಬ್ಬನು ಅಡುಗೆಯ ಹೆಣ್ಣುಮಗಳ ಮಾತನ್ನು ಹೆಸರಿನೊಡನೆ ಗೋಡೆಪತ್ರಿಕೆಯಲ್ಲಿ ಕೊಟ್ಟನು: “ಬ್ಯಾಳಿ ಕಡಿಮಿ ಬಂದೈತಿ, ಅದಕ ನೀರ ಹೆಚ್ಚ ಹಾಕೇನಿ.” ಶಬ್ದಶಃ ಸರಿಯಾದ ಉದ್ಧರಣೆ. ಎರಡನೆಯ ದಿನ ಹಾಳೆಯು ಗೋಡೆಯ ಮೇಲಿರಲಿಲ್ಲ. ಆ ಹೆಣ್ಣುಮಗಳು ಬೇಳೆಯ ಲೆಕ್ಕದ ಬಗೆಗೆ ವಿವರಣೆ ಕೊಡಬೇಕಾಯಿತು, ಕೆಲಸ ಹೋಗುವದೆಂಬ ಅಂಜಿಕೆಯಲ್ಲಿ ಎಷ್ಟೋ ದಿನ ಕಳೆದಳು. ಬೇಳೆಯನ್ನು ಕಡಿಮೆ ಕಳಿಸಿದವರನ್ನು ಯಾರೂ ಕೇಳಲಿಲ್ಲ. ಹುಡುಗನು ಅವಳನ್ನು ಮಾತನಾಡಿಸಿದ್ದು ಊಟಕ್ಕೆ ಕುಳಿತಾಗ, ಮನೆಯ ಮಗನಂತೆ. ಗೋಡೆಗೆ ಹಚ್ಚುವೆನೆಂದು ಹೇಳಿರಲಿಲ್ಲ. ಮಾತನಾಡಿದವರಿಗೆ ತಿಳಿಸಿ, ಬರೆದದ್ದನ್ನು ಓದಿ ತೋರಿಸಿ, ಹೆಸರು ಬೇಡವೆಂದರೆ ಬಿಡಬೇಕೆಂಬುದು ಯಾವ ವ್ಯಾಕರಣದ ಪುಸ್ತಕದಲ್ಲಿಯೂ ಇಲ್ಲ. ಅಲ್ಲಿ ಇರಲಿಕ್ಕೆ ಸಾಧ್ಯವೂ ಇಲ್ಲ, ಏಕೆಂದರೆ ಅಲ್ಲಿ ಉದ್ಧರಣೆಯು ಒಂದು ಚಿಹ್ನೆ ಮಾತ್ರ. ಅಧಿಕಾರವುಳ್ಳವರಿಗೆ ಈ ರಿಯಾಯಿತಿಯು ಸಲ್ಲದು. ಸಭೆಯಲ್ಲಿ ಎಲ್ಲರೆದುರು ಆಡಿದ ಮಾತಿಗೂ ಇದು ಸಲ್ಲದು. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗಳು ಈ ಭೇದವನ್ನು ಕಲಿಸಲು ಒಳ್ಳೆಯ ಸ್ಥಳ. ಅಲ್ಲಿ ಮಕ್ಕಳೇ ಪ್ರಶ್ನೆ ಕೇಳುತ್ತಾರೆ, ಅಧಿಕಾರಿಗಳು ಎಲ್ಲರ ಮುಂದೆ ಉತ್ತರಿಸುತ್ತಾರೆ. ಆ ಉತ್ತರವನ್ನು ತಾರೀಖಿನೊಡನೆ, ಆಡಿದ ಶಬ್ದಗಳಲ್ಲಿಯೇ ಬರೆದಿಟ್ಟರೆ ಮುಂದಿನ ವರುಷದ ಸಭೆಯಲ್ಲಿ ಅದನ್ನು ಓದಿ ತೋರಿಸಬಹುದು.

ತರಗತಿಯಲ್ಲಿ ಮಾಡಬಹುದಾದದ್ದು ಹೆಚ್ಚಿನದೇನಲ್ಲ. ಒಬ್ಬರನ್ನು ಕರೆಸಿ ಹತ್ತು ನಿಮಿಷ ಮಾತನಾಡಿಸಿರಿ. ಟಪಾಲಿನವರಾದರೂ ಆದೀತು, ಧಾರವಾಡದಲ್ಲಾದರೆ ಫೇಡೆ ಮಾಡುವವರು ಇನ್ನೂ ಚೆನ್ನು. ಮಕ್ಕಳೆಲ್ಲರೂ ವರದಿ ಬರೆಯಲಿ, ಮೂರು ವಾಕ್ಯಗಳಿಗೆ ಮೀರದಂತೆ ಉದ್ಧರಿಸಲಿ. ಬಳಿಕ ಎಲ್ಲರ ಉದ್ಧರಣೆಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಬಂದವರನ್ನೇ ಕೇಳಿರಿ: ಇದರಲ್ಲಿ ನಿಮ್ಮ ಮಾತು ಯಾವುದು? ನಲವತ್ತು ಮಕ್ಕಳ ನಲವತ್ತು ಹಾಳೆಗಳನ್ನು ತಿದ್ದುವದಕ್ಕಿಂತ ಆ ಅರ್ಧ ತಾಸು ಹೆಚ್ಚು ಕಲಿಸುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕನ್ನಡ ಪತ್ರಿಕೆಯು ಗಾದೆಯ ವಿಸ್ತರಣೆ, ಪತ್ರ, ಪ್ರಬಂಧ ಇವುಗಳನ್ನು ಕೇಳುತ್ತ ಬಂದಿದೆ. ಕೇಳಿಸಿಕೊಳ್ಳುವ ಶಕ್ತಿಗೆ ಅಲ್ಲಿ ಗುಣಗಳಿಲ್ಲದ ಕಾರಣ ಇದಕ್ಕೆ ಸಮಯವಿಲ್ಲವೆಂದು ಶಿಕ್ಷಕರು ಹೇಳುವದು ಸಹಜವೇ. ಗುಣಗಳಿರುವವರೆಗೆ ಕಾಯುವದಾದರೆ ಬಹಳ ಕಾಲ ಕಾಯಬೇಕಾದೀತು. ಒಂಬತ್ತನೆಯ ಇಯತ್ತೆಯಲ್ಲಿ ವರುಷಕ್ಕೆ ನಾಲ್ಕು ತಾಸುಗಳು ದೊರೆಯುವದಿಲ್ಲವೆಂದು ನಾನು ನಂಬಲಾರೆ.

ಕೊನೆಗೆ ಒಂದು ಸಣ್ಣ ಬೇಡಿಕೆ. ಇದು ಶುದ್ಧ ಇತಿಹಾಸದವನ ಸ್ವಾರ್ಥ. ಗೋಡೆಪತ್ರಿಕೆಯ ಹಾಳೆಗಳು ತಿಂಗಳು ಮುಗಿದ ಮೇಲೆ ರದ್ದಿಗೆ ಹೋಗುತ್ತವೆ; ಮಕ್ಕಳು ಮಾತನ್ನು ಬರೆದುಕೊಂಡ ಟಿಪ್ಪಣಿಯ ಚೀಟಿಗಳಂತೂ ಅಂದೇ ಹೋಗುತ್ತವೆ. ಅವುಗಳನ್ನು ತಾರೀಖು ಹಾಕಿ ಕಟ್ಟಿಡಬೇಕು. ಚೀಟಿಯು ವರದಿಯ ಬೆನ್ನಿಗೇ ಇರಲಿ, ಹೆಸರು ಬೇಡವೆಂದವರ ಚೀಟಿಯಲ್ಲಿಯೂ ಹೆಸರು ಇರದಂತೆ ನೋಡಬೇಕು. ಶಾಲೆಯ ಕಪಾಟಿನಲ್ಲಿ ಕೆಳಗಿನ ಒಂದು ಖಣ ಸಾಕು.